ಲೆಕ್ಕ ಸರಿಹೋದ ರಾತ್ರಿ

ಬಾವಿಯ ಹತ್ತಿರ ಬರುತ್ತಿದ್ದ ಹಾಗೆ ಭಾವ ನಡಿಗೆ ನಿಧಾನ ಮಾಡಿದರು.

ಅಲ್ಲಿಯವರೆಗೂ ಏನೋ ಹೇಳುತ್ತಾ ಬರುತ್ತಿದ್ದವರು... ಅರ್ಧಕ್ಕೇ ನಿಲ್ಲಿಸಿದರು. ನಾನು ಹೇಗೂ ಮಾತು ಕಡಿಮೆ. ಇಬ್ಬರೂ ಸುಮ್ಮನಾದ ಮೇಲೆ ರಸ್ತೆಯಲ್ಲಿ ನಮ್ಮ ಚಪ್ಪಲಿಯ ಸದ್ದು ಮಾತ್ರ ಉಳಿಯಿತು. ಚರಕ್... ಚರಕ್... ಚರಕ್...

ಇದು ಯಾರೋ ಹೇಳಿ ನಾನು ಕೇಳಿದ್ದಲ್ಲ. ಭಾವ ಅಂದರೆ ನನ್ನ ದೊಡ್ಡಮ್ಮನ ಮಗಳ ಗಂಡ. ಆಗ ನಾನು ಅವರ ಮನೆಯಲ್ಲೇ ಇದ್ದೆ. ಭಾವ ಕಾಗದದ ಮಿಲ್ಲಿನಲ್ಲಿ ಎಲೆಕ್ಟ್ರಿಷಿಯನ್. ಅದೇ ಮಿಲ್ಲಿನ ಆಫೀಸಿನಲ್ಲಿ ಲಾರಿಗೆ ತುಂಬುವ ರೀಲುಗಳ ಬಿಲ್ಲು ಟೈಪ್ ಮಾಡೋ ಕೆಲಸ ನನ್ನದು. ಇಬ್ಬರಿಗೂ ಎರಡನೇ ಪಾಳಿ ಬಿದ್ದ ವಾರ ಒಟ್ಟಿಗೆ ನಡೆದು ಬರುತ್ತಿದ್ದೆವು. ಹಿಂದಿನ ಗೇಟು ದಾಟಿ, ಗೋಡೆ ಪಕ್ಕದಲ್ಲೇ ಬಂದರೆ ಈ ಬಾವಿ. ಮೇಲೆ ತಗಡು ಮುಚ್ಚಿದೆ. ತಗಡಿನ ಒಳಗಿಂದ ತೊಡೆ ಗಾತ್ರದ ಕಬ್ಬಿಣದ ಪೈಪು ಹೊರಗೆ ಬಂದು, ಗೋಡೆ ತೂರಿಕೊಂಡು ಮಿಲ್ಲೊಳಗೆ ಹೋಗುತ್ತೆ. ಮಿಲ್ಲಿಗೆ ನೀರು ಅಲ್ಲಿಂದಲೇ.

ಭಾವ ಆ ಪೈಪಿನ ಮೇಲೆ ಅಂಗೈ ಇಟ್ಟರು. ನನ್ನ ಕಡೆ ತಿರುಗಿ, ತುಟಿ ಮೇಲೆ ಬೆರಳು.

"ಏನು ಭಾವ?"

"ಶ್... ತೊಟ್ಟಿ ತೊಳೆಯೋಕೆ ಇಳಿದವರು ಹೊರಗೆ ಬರೋ ಹೊತ್ತು. ಕೇಳು."

ನಾನು ಕಿವಿ ಪೈಪಿಗೆ ತಂದೆ. ತಣ್ಣಗಿತ್ತು. ಒಳಗೆ ನೀರು ಎಲ್ಲೋ ತೊಟ್ಟಿಕ್ಕುತ್ತಿತ್ತು... ತಪ್... ತಪ್... ಆಮೇಲೆ, ತುಂಬ ದೂರದಿಂದ...

ಟಣ್.

ಸ್ವಲ್ಪ ಹೊತ್ತು ಬಿಟ್ಟು, ಟಣ್. ಮತ್ತೆ, ಟಣ್.

"ಮೂರು," ಅಂದೆ.

"ಇಳಿದಿದ್ದವರು ಮೂರೇ ಜನ," ಅಂದರು ಭಾವ. ಆದರೆ ಕೈ ತೆಗೆಯಲಿಲ್ಲ. "ತಾಳು..."

ನಾನು ಉಸಿರು ಬಿಡದೆ ನಿಂತೆ. ಎಷ್ಟೋ ಹೊತ್ತು ಏನೂ ಇಲ್ಲ. ಇನ್ನೇನು ಕಿವಿ ತೆಗೀಬೇಕು...

ಟಪ್‌ಣ್.

ಇದು ಬೇರೆ ಥರ ಇತ್ತು. ಒದ್ದೆ ಬಟ್ಟೆ ಸುತ್ತಿದ ಸ್ಪ್ಯಾನರಿನಲ್ಲಿ ಹೊಡೆದರೆ ಹೇಗಿರುತ್ತೆ, ಹಾಗೆ.

"ಇದ್ಯಾರು ಭಾವ?"

"ಉದ್ದಣ್ಣ," ಅಂದರು. "ನಡಿ. ದಾರೀಲಿ ಹೇಳ್ತೀನಿ. ನಿಮ್ಮಕ್ಕನ ಮುಂದೆ ಎತ್ತಬೇಡ."

ಉದ್ದಣ್ಣ ಸತ್ತು ಆಗಲೇ ತಿಂಗಳುಗಳಾಗಿತ್ತು.

ಮುಂದಿನದ್ದು ಅರ್ಥ ಆಗಬೇಕಾದರೆ ನಿಮಗೆ ಆ ತೊಟ್ಟಿ ಗೊತ್ತಿರಬೇಕು. ರದ್ದಿ ಕಾಗದ ಅರೆಯುವ ಕಬ್ಬಿಣದ ತೊಟ್ಟಿ ಅದು, ಎರಡಾಳು ಆಳ. ತಳದಲ್ಲಿ ಫ್ಯಾನಿನ ಹಾಗೆ ದಪ್ಪ ರೆಕ್ಕೆ, ರೆಕ್ಕೆಯ ಅಂಚಿಗೆಲ್ಲ ಹಲ್ಲು. ಅದು ತಿರುಗಿದರೆ ನೀರಲ್ಲಿ ಬಿದ್ದ ಕಾಗದ ಗಂಜಿಯಾಗುತ್ತೆ. ರದ್ದಿ ಜೊತೆ ತಂತಿ, ಪ್ಲಾಸ್ಟಿಕ್ ದಾರ, ಹರಿದ ಚೀಲ ಎಲ್ಲ ಬರುತ್ತಲ್ಲ, ಅವೆಲ್ಲ ರೆಕ್ಕೆಗೆ ಸುತ್ತಿಕೊಂಡು ಜಡೆ ಹೆಣೆದ ಹಾಗೆ ಬಿಗಿದುಕೊಳ್ಳುತ್ತೆ. ವಾರಕ್ಕೊಂದು ರಾತ್ರಿ ನೀರು ಬಸಿದು, ಆಳುಗಳು ತಳಕ್ಕಿಳಿದು, ಆ ಜಡೆ ಕತ್ತರಿಸಿ ತೆಗೀಬೇಕು. ಅಷ್ಟು ಹೊತ್ತೂ ಅವರು ನಿಂತಿರೋದು ಆ ರೆಕ್ಕೆಯ ಮೇಲೇ.

"ಯಂತ್ರ ನಿಂತಿದೆ ಅಂದ್ರೆ ಸತ್ತಿದೆ ಅಂತಲ್ಲ ಪುಟ್ಟಿ," ಅನ್ನುತ್ತಿದ್ದರು ಭಾವ. "ಉಸಿರು ಹಿಡ್ಕೊಂಡಿದೆ. ಅಷ್ಟೇ."

ಸ್ವಿಚ್ ರೂಮಿನ ಗೋಡೆ ಮೇಲೆ ಒಂದು ಬೋರ್ಡಿತ್ತು, ಇಂಗ್ಲಿಷಿನಲ್ಲಿ. ಒಂದು ಸಲ ಭಾವ ನನ್ನ ಕೈಲಿ ಓದಿಸಿದ್ದರು. ಮೇನ್ ಸ್ವಿಚ್ಚಿನ ಹಿಡಿ ಇಳಿಸಿ, ನೀರಿನ ವಾಲ್ವ್ ಮುಚ್ಚಿ, ಒಳಗೆ ಹೋಗುವ ಪ್ರತಿಯೊಬ್ಬನೂ ಆ ಹಿಡಿಗೆ ತನ್ನ ಸ್ವಂತ ಬೀಗ ಹಾಕಬೇಕು. ಬೀಗದ ಕೈ ಅವನ ಜೇಬಿನಲ್ಲೇ ಇರಬೇಕು. ಆಮೇಲೆ ಸ್ಟಾರ್ಟ್ ಬಟನ್ ಒತ್ತಿ, ಏನೂ ಅಲುಗಾಡಲ್ಲ ಅಂತ ಕಣ್ಣಾರೆ ನೋಡಬೇಕು. ಹಾಕಿದವನೇ ಬಂದು ತನ್ನ ಬೀಗ ತೆಗೀಬೇಕು, ಬೇರೆ ಯಾರೂ ಮುಟ್ಟೋ ಹಾಗಿಲ್ಲ. ಒಬ್ಬನ ಬೀಗ ನೇತಾಡ್ತಿದ್ದರೂ ಯಂತ್ರ ಶುರುವಾಗಲ್ಲ.

ಓದಿ ಮುಗಿಸಿದಾಗ ಭಾವ ನಕ್ಕರು. "ಇದೆಲ್ಲ ನಮಗೆ ಗೊತ್ತಿರೋದೇ. ಇಂಗ್ಲಿಷ್ ಬರೋರೇ ಓದಿಲ್ಲ."

ಮಿಲ್ಲಿನಲ್ಲಿ ನಡೆಯುತ್ತಿದ್ದದ್ದೇ ಬೇರೆ. ಬೀಗಗಳು ಒಂದೊಂದಾಗಿ ಕಳೆದುಹೋಗಿದ್ದವು. ಉಳಿದದ್ದು ಒಂದೇ, ಎಲೆಕ್ಟ್ರಿಷಿಯನ್ನಿನದು. ಎಲ್ಲರ ಪರವಾಗಿ ಅದೊಂದೇ ಬೀಗ. ಸ್ವಿಚ್ ರೂಮು ಮಹಡಿ ಮೇಲೆ, ಗೋಡೆಯಾಚೆ. ಅಲ್ಲಿಂದ ತೊಟ್ಟಿ ಕಾಣಲ್ಲ, ಕೂಗಿದರೆ ಕೇಳಿಸಲ್ಲ. ಅದಕ್ಕೆ ಯಾವುದೋ ಕಾಲದಲ್ಲಿ ಯಾರೋ ಒಂದು ಪದ್ಧತಿ ಮಾಡಿದ್ದರು. ತೊಟ್ಟಿಯಿಂದ ಹೊರಗೆ ಬಂದವನು ಅಂಚಿನಲ್ಲಿರುವ ನೀರಿನ ಪೈಪಿಗೆ ಸ್ಪ್ಯಾನರಿನಲ್ಲಿ ಒಂದು ಏಟು ಹೊಡೀಬೇಕು. ಆ ಪೈಪು ಸ್ವಿಚ್ ರೂಮಿನ ಗೋಡೆ ಹಾದು ಹೋಗುತ್ತೆ. ಮೇಲಿರೋನು ಏಟು ಎಣಿಸೋದು. ಎಷ್ಟು ಜನ ಇಳಿದಿದ್ದರೋ ಅಷ್ಟು ಏಟು ಬಂತಾ, ಬೀಗ ತೆಗೆದು ಹಿಡಿ ಮೇಲೆತ್ತೋದು.

ಇನ್ನು ಉದ್ದಣ್ಣ. ಫಿಟ್ಟರ್. ಯಾವ ಬಾಗಿಲಿಗೂ ತಲೆ ಬಗ್ಗಿಸದೆ ಒಳಗೆ ಬರೋಕೆ ಆಗದ ಆಳು. ಆವತ್ತು ಅವನ ಜೊತೆ ಇಳಿದಿದ್ದವರು ಇಬ್ಬರು. ಒಬ್ಬರು ಹಿರಿಯ ಫಿಟ್ಟರು, ಎಲ್ಲರಿಗೂ ಕೆಲಸ ಕಲಿಸಿದವರು ಅಂತ ಮೇಷ್ಟ್ರು ಅಂತಲೇ ಹೆಸರು. ಇನ್ನೊಬ್ಬ ಗುಂಡ, ವೆಲ್ಡರ್, ನಮ್ಮ ಪಕ್ಕದ ಮನೆಯವನು. ಮೇಷ್ಟ್ರು ಮೊದಲು ಹೊರಗೆ ಬಂದು ತಮ್ಮ ಏಟು ಹೊಡೆದು ಕೈ ತೊಳೆಯೋಕೆ ಹೋದರು. ಗುಂಡ ಹತ್ತಿದ. ಉದ್ದಣ್ಣ ಅವನ ಹಿಂದೆಯೇ ಇದ್ದ. ಅಷ್ಟರಲ್ಲಿ ಟಾರ್ಚು ಕೆಳಗೇ ಬಿಟ್ಟದ್ದು ನೆನಪಾಗಿ ತಿರುಗಿದ.

"ನಂದೂ ಒಂದು ಹೊಡೆದುಬಿಡೋ ಗುಂಡ... ಬಂದೆ."

ಗುಂಡ ಹೊಡೆದ. ತನ್ನದೊಂದು, ಅವನದೊಂದು. ಸ್ಕೂಲಿನಲ್ಲಿ ಪಕ್ಕದವನ ಹಾಜರಿ ಕೂಗ್ತೀವಲ್ಲ, ಹಾಗೆ. ಅದನ್ನ ಅವರು ಮೊದಲೂ ಎಷ್ಟೋ ಸಲ ಮಾಡಿದ್ದರು.

ಮೇಲೆ ಭಾವ ಎಣಿಸಿದರು. ಮೂರು. ಬೀಗ ತೆಗೆದರು.

"ಸದ್ದಲ್ಲಿ ಏನೂ ವ್ಯತ್ಯಾಸ ಇರಲಿಲ್ಲ ಪುಟ್ಟಿ," ಅಂದರು ನನಗೆ, ಬಾವಿ ದಾಟಿ ಬಂದ ಮೇಲೆ. "ಮೋಟಾರು ದಿನಾ ಹೇಗೆ ಶುರುವಾಗುತ್ತೋ ಹಾಗೇ ಶುರುವಾಯ್ತು. ಒಂಚೂರು ಎಳೆದಾಡಿದ ಹಾಗೆ... ತಡೆದ ಹಾಗೆ... ಏನೂ ಇಲ್ಲ. ಅದೇ ನನಗೆ... ಅದೇ..."

ಬಲಗೈ ಜೇಬಿಗೆ ಹಾಕಿಕೊಂಡರು.

ಮಿಲ್ಲಿನವರು ವಿಚಾರಣೆ ಮಾಡಿದರು. ಸತ್ತವನ ಅಜಾಗರೂಕತೆ, ಅಂತ ಬಂತು. ಗುಂಡ ಮೂಲೆಯಲ್ಲಿ ಕೂತು ಅಳುತ್ತಿದ್ದನಂತೆ. ಮುಂದಿನ ವಾರ ತೊಟ್ಟಿ ತೊಳೆಯೋಕೆ ಅವನನ್ನೇ ಇಳಿಸಿದರು. ಬೇರೆ ವೆಲ್ಡರ್ ಇರಲಿಲ್ಲ.

ಆವತ್ತೇ ಮೊದಲು ಕೇಳಿಸಿದ್ದು. ಎಲ್ಲರೂ ಹೊರಗೆ ಬಂದು, ಎಲ್ಲರ ಏಟೂ ಬಿದ್ದು, ಒಂದು ಗಳಿಗೆ ಬಿಟ್ಟು... ಟಪ್‌ಣ್. ಒಂದು ಹೆಚ್ಚಿಗೆ. ಭಾವ ಓಡಿ ಕೆಳಗೆ ಬಂದರಂತೆ. ಪೈಪಿನ ಹತ್ತಿರ ಯಾರೂ ಇಲ್ಲ. ಮೇಷ್ಟ್ರು ಮುಖ ಬಿಳಿಚಿಕೊಂಡು ನಿಂತಿದ್ದರು. ಗುಂಡ ಮೆಲ್ಲಗೆ ಹೇಳಿದ, "ಸಾಲ ತೀರಿಸ್ತಿದಾನೆ ಕಣಣ್ಣ. ನಾನು ಅವನದ್ದು ಹೊಡೆದೆ. ಈಗ ಅವನು ನಮ್ಮದು ಹೊಡೀತಿದಾನೆ."

ನೀವು ಅಂದುಕೊಳ್ಳಬಹುದು, ಅಲ್ಲಿಗೆ ಎಲ್ಲರೂ ಕೆಲಸ ಬಿಟ್ಟು ಓಡಿಹೋಗಿರಬೇಕು ಅಂತ. ಇಲ್ಲ. ಮನೆ ನಡೀಬೇಕಲ್ಲ. ಎರಡು ವಾರ ಹೆದರಿದರು. ಮೂರನೇ ವಾರಕ್ಕೆ ಅದೂ ಅಭ್ಯಾಸ ಆಯಿತು. ನನಗೆ ಇಡೀ ಕತೆಯಲ್ಲಿ ಜಾಸ್ತಿ ಭಯ ಆಗೋದು ಇದಕ್ಕೇ.

"ಏನೋ ಒಂದು ಏಟು ಜಾಸ್ತಿ ಬರುತ್ತೆ ಅಷ್ಟೇ ತಾನೇ?" ಅಂದರಂತೆ ಸೂಪರ್‌ವೈಸರು, ಮೊಬೈಲಿಂದ ತಲೆ ಎತ್ತದೆ. "ಒಂದು ಕಳೆದು ಎಣಿಸ್ಕೊಳ್ರೀ. ಅದಕ್ಕೂ ಮೀಟಿಂಗ್ ಮಾಡ್ಬೇಕಾ?"

ಹಾಗೇ ಆಯಿತು. ಮೂರು ಜನ ಇಳಿದರೆ ನಾಲ್ಕು ಏಟು ಬರಬೇಕು. ನಾಲ್ಕು ಬಂದರೆ ಲೆಕ್ಕ ಸರಿ. ಹೊಸದಾಗಿ ಬಂದವರಿಗೂ ಹಾಗೇ ಹೇಳಿಕೊಡುತ್ತಿದ್ದರು. ಗುಂಡ ನಗೆಚಾಟಿಕೆ ಶುರುಮಾಡಿದ್ದ. "ಬದುಕಿದ್ದಾಗ ವಾರಕ್ಕೆರಡು ದಿನ ಚಕ್ಕರ್ ಹೊಡೀತಿದ್ದ. ಸತ್ತ ಮೇಲೆ ನೋಡು, ಒಂದು ದಿನ ತಪ್ಪಿಸಲ್ಲ!" ನಗು ಮುಗಿದ ಮೇಲೆ ಮಾತ್ರ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಭಾವನಿಗೆ ಒಗ್ಗಲಿಲ್ಲ.

"ನಾಲ್ಕು ಅಂದ್ರೆ ಮೂರು ಜನ ಹೊರಗಿದಾರೆ ಅಂತ ಯಾರು ಹೇಳಿದ್ದು?" ಅಂತ ಒಂದು ರಾತ್ರಿ ನನ್ನ ಹತ್ತಿರ ಪಿಸುಗುಟ್ಟಿದರು. ಅಕ್ಕ ಒಳಗೆ ಮಲಗಿದ್ದಳು. "ಅವನು ಎರಡು ಹೊಡೆದ್ರೆ? ಇಬ್ರು ಹೊರಗೆ ಬಂದಿರ್ತಾರೆ... ಅವನು ಎರಡು ಹೊಡೀತಾನೆ... ನಾಲ್ಕು. ನಾನು ಎಣಿಸ್ತೀನಿ, ಸರಿ ಇದೆ ಅಂತೀನಿ, ಹಿಡಿ ಎತ್ತುತೀನಿ." ತಮ್ಮ ಬಲಗೈ ನೋಡಿಕೊಂಡರು. "ಇನ್ನೊಂದು ಸಲ ಈ ಕೈಯಿಂದ ಆಗಬಾರದು ಪುಟ್ಟಿ. ಆಯ್ತು ಅಂದ್ರೆ ನಾನು ಇರಲ್ಲ."

ಅದೊಂದೇ ಅವರಿಗೆ ಬೇಕಿದ್ದದ್ದು. ಇನ್ನೊಬ್ಬ ತಮ್ಮ ಕೈಯಿಂದ ಸಾಯಬಾರದು.

ಮರುವಾರ ಮನೆ ಬೀಗ ಕಾಣಲಿಲ್ಲ. ಅಕ್ಕ ಬಾಗಿಲಲ್ಲಿ ಸೊಂಟಕ್ಕೆ ಕೈ ಇಟ್ಟು ನಿಂತಳು.

"ಬೀಗ ಎಲ್ರೀ?"

"ಮಿಲ್ಲಲ್ಲಿದೆ."

"ಟ್ರಂಕಿನದ್ದು?"

"...ಅದೂ."

"ಸೈಕಲ್ ಚೈನೂ ತಗೊಂಡ್ಹೋಗಿದೀರಾ? ಭೇಷ್! ಮನೆಗೆ ಕಳ್ಳ ಬಂದ್ರೆ ಏನು ಹೇಳ್ಲಿ ನಾನು? ಬಾಪ್ಪಾ, ಒಳಗೆ ಬಾ, ಬೀಗ ಡ್ಯೂಟಿಗೆ ಹೋಗಿದೆ ಅನ್ಲಾ?"

ಭಾವ ನಕ್ಕರು. ಎಷ್ಟೋ ದಿನದ ಮೇಲೆ ಬಾಯ್ತುಂಬ ನಕ್ಕದ್ದು. ಹಿಂದಿನ ರಾತ್ರಿ ಅವರು ಇಳಿಯುವ ಒಬ್ಬೊಬ್ಬರ ಕೈಗೂ ಒಂದೊಂದು ಬೀಗ ಕೊಟ್ಟಿದ್ದರು. ನಿನ್ನ ಬೀಗ ನೀನೇ ಹಾಕು, ಬೀಗದ ಕೈ ನಿನ್ನ ಹತ್ರಾನೇ ಇಟ್ಕೊ, ಬಂದು ನೀನೇ ತೆಗಿ. ಪೈಪು ಏನಾದ್ರೂ ಬಡ್ಕೊಳ್ಳಲಿ. ಬಡಿದುಕೊಂಡಿತಂತೆ ಕೂಡ. ಯಾರೂ ಎಣಿಸಲಿಲ್ಲ. ಮೂರು ಜನ ಮೆಟ್ಟಿಲು ಹತ್ತಿ ಬಂದು, ಮುಖ ತೋರಿಸಿ, ತಮ್ಮ ತಮ್ಮ ಬೀಗ ತೆಗೆದರು. ಭಾವ ಆವತ್ತು ಬೆಳಿಗ್ಗೆ ಬಂದು ಮಧ್ಯಾಹ್ನದವರೆಗೆ ಅಲುಗಾಡದೆ ಮಲಗಿದರು. ಅಕ್ಕ ಎರಡು ಸಲ ಹೋಗಿ ಮೂಗಿನ ಹತ್ತಿರ ಕೈ ಇಟ್ಟು ನೋಡಿಬಂದಳು.

ಅದು ನಡೆದದ್ದು ಕೆಲವೇ ವಾರ. ಒಂದು ರಾತ್ರಿ ಗುಂಡನಿಗೆ ಹೊಟ್ಟೆ ಕೆಟ್ಟಿತು. ತೊಟ್ಟಿಯಿಂದ ಮೇಲೆ ಬಂದವನೇ ಹಿಂದಿನ ಗೇಟಿನಿಂದ ಮನೆಗೆ ಓಡಿದ. ಬೀಗ ಹಿಡಿಯಲ್ಲಿ, ಬೀಗದ ಕೈ ಅವನ ಜೇಬಲ್ಲಿ. ಫೋನು ಆಫ್. ಭಾವ ಅವನ ಮನೆ ಬಾಗಿಲು ಬಡಿದು ಎಬ್ಬಿಸಿಕೊಂಡು ಬರೋ ಹೊತ್ತಿಗೆ ಅರ್ಧ ಪಾಳಿ ಮುಗಿದಿತ್ತು. ಬೆಳಿಗ್ಗೆ ಮ್ಯಾನೇಜರು ಎಲ್ಲರನ್ನೂ ನಿಲ್ಲಿಸಿ ಬೈದರು. ಸ್ವಿಚ್ ರೂಮಿನ ಮೊಳೆಗೆ ಒಂದು ದೊಡ್ಡ ಬೀಗ ಕತ್ತರಿಸೋ ಕಟ್ಟರ್ ತಂದು ನೇತುಹಾಕಿದರು. ಮನೆ ಬೀಗ ಎಲ್ಲ ಮನೆಗೆ ವಾಪಸ್. ಮತ್ತೆ ಒಂದೇ ಬೀಗ... ಮತ್ತೆ ಪೈಪು, ಮತ್ತೆ ಏಟು.

"ಹಳೇದೇ ಚೆನ್ನಾಗಿತ್ತಲ್ಲ," ಅಂದರಂತೆ ಸೂಪರ್‌ವೈಸರು. "ಲೆಕ್ಕ ಒಂದು ದಿನ ತಪ್ಪಿದೆಯಾ?"

ತಪ್ಪಿರಲಿಲ್ಲ. ಭಾವನ ಹೆದರಿಕೆ ಇದ್ದದ್ದೇ ಅಲ್ಲಿ.

ಅದಾದ ಮುಂದಿನ ವಾರ, ತೊಟ್ಟಿ ತೊಳೆಯೋ ರಾತ್ರಿ, ನನಗೂ ಡ್ಯೂಟಿ ಇತ್ತು. ಹೊರಗೆ ಲಾರಿ ನಿಂತಿತ್ತು. ಇನ್ನೊಂದು ರೀಲು ಬಂದರೆ ಲೋಡು ತುಂಬುತ್ತೆ, ಡ್ರೈವರು ಹಾರನ್ ಮೇಲೆ ಹಾರನ್. ಸೂಪರ್‌ವೈಸರು ಆಫೀಸಿಗೆ ಬಂದು, "ನಿಮ್ ಭಾವನ್ನ ಕೇಳ್ಕೊಂಡು ಬಾಮ್ಮ, ಇನ್ನೆಷ್ಟು ಹೊತ್ತು ಅಂತ. ನಾನು ಕೇಳಿದ್ರೆ ಭಾಷಣ ಮಾಡ್ತಾನೆ," ಅಂದರು.

ಕಬ್ಬಿಣದ ಮೆಟ್ಟಿಲು ಹತ್ತಿ ಹೋದೆ. ಸ್ವಿಚ್ ರೂಮಿನಲ್ಲಿ ಕಾದ ವೈರಿನ ವಾಸನೆ. ಟ್ಯೂಬ್‌ಲೈಟು ಉರಿಯಲೋ ಬೇಡವೋ ಅಂತ ಪಿಟಿಪಿಟಿ ಅನ್ನುತ್ತಿತ್ತು. ಭಾವ ಪೈಪಿಗೆ ಕಿವಿ ಇಟ್ಟು ನಿಂತಿದ್ದರು. ನನ್ನ ನೋಡಿ ಬೆರಳು ತುಟಿಗೆ.

"ಎಷ್ಟು ಜನ?" ಅಂತ ಬಾಯಾಡಿಸಿದೆ.

ಮೂರು ಬೆರಳು ತೋರಿಸಿದರು. ಮೇಷ್ಟ್ರು, ಗುಂಡ, ಗುತ್ತಿಗೆಯ ಮೇಲೆ ಬಂದ ಹೊಸಬ ಒಬ್ಬ.

ಟಣ್.

"ಮೇಷ್ಟ್ರು," ಅಂದರು ಮೆಲ್ಲಗೆ. ಗಟ್ಟಿ ಏಟು, ಒಂದೇ.

ಟಣ್‌ಣಣ...

"ಗುಂಡ. ನಾಟಕದವನು."

ಟಿಣ್. ಹೊಡೆಯಲೋ ಬೇಡವೋ ಅನ್ನೋ ಹಾಗೆ. ಅದು ಹೊಸಬ.

ಆಮೇಲೆ ಕಾದೆವು. ಹೊರಗೆ ಲಾರಿಯ ಹಾರನ್ ಒಮ್ಮೆ ಕೂಗಿ ನಿಂತಿತು. ಟ್ಯೂಬ್‌ಲೈಟು ಆರಿತು... ಹತ್ತಿತು...

ಟಪ್‌ಣ್.

"ಆಯ್ತಲ್ಲ ಭಾವ?"

"ಆಯ್ತು."

ಜೇಬಿಂದ ಬೀಗದ ಕೈ ತೆಗೆದರು. ಬೀಗಕ್ಕೆ ತೂರಿಸಿದರು. ತಿರುಗಿಸಲಿಲ್ಲ. ಹಾಗೇ ನಿಂತಿದ್ದು, ಮತ್ತೆ ಹೊರಗೆ ಎಳೆದರು.

"ಒಂದ್ಸಲ ಮುಖ ನೋಡಿ ಬಂದುಬಿಡ್ತೀನಿ."

"ಸೂಪರ್‌ವೈಸರು ಬೈತಾರೆ..."

"ಬೈಲಿ. ನೀನು ಇಲ್ಲೇ ನಿಂತಿರು. ಯಾರೇ ಬಂದ್ರೂ ಹಿಡಿ ಮುಟ್ಟೋಕೆ ಬಿಡಬೇಡ. ನಾನು ಬರೋವರೆಗೂ."

ಧಡ್... ಧಡ್... ಧಡ್... ಇಳಿದು ಹೋದರು. ನಾನು ಆ ಹಿಡಿಗೆ ಬೆನ್ನು ಕೊಟ್ಟು ನಿಂತೆ. ಬೀಗ ಬೆನ್ನಿಗೆ ಒತ್ತುತ್ತಿತ್ತು.

ಸ್ವಲ್ಪ ಹೊತ್ತಿಗೆ ಮತ್ತೆ ಮೆಟ್ಟಿಲ ಸದ್ದು. ಭಾವ ಅಂದುಕೊಂಡೆ. ಸೂಪರ್‌ವೈಸರು.

"ಎಲ್ಲಿ ಅವನು?"

"ಕೆಳಗೆ ಹೋಗಿದಾರೆ ಸಾರ್. ಬಂದುಬಿಡ್ತಾರೆ."

"ಎಣಿಸಿದ್ನೋ ಇಲ್ವೋ?"

"ಎಣಿಸಿದ್ರು ಸಾರ್."

"ಎಷ್ಟು ಬಂತು?"

"ನಾಲ್ಕು."

"ಇಳಿದಿರೋದು ಮೂರು. ಸರಿಯಾಗೇ ಇದೆಯಲ್ಲಮ್ಮ! ಮತ್ತೇನು, ಅವರಿಗೆಲ್ಲ ಆರತಿ ಎತ್ತೋಕೆ ಹೋದ್ನಾ?" ಮೊಳೆಯಿಂದ ಕಟ್ಟರ್ ತೆಗೆದುಕೊಂಡರು. "ಅತ್ತ ಸರಿ."

"ಬೇಡ ಸಾರ್. ಅವರು ತೊಟ್ಟಿ ಹತ್ರ ಇದಾರೆ. ಕರೀತೀನಿ. ಒಂದೇ ನಿಮಿಷ ಸಾರ್... ಸಾರ್!"

ನನ್ನ ಗಂಟಲಿಂದ ಅಷ್ಟು ದೊಡ್ಡ ದನಿ ಅದಕ್ಕೆ ಮುಂಚೆ ಬಂದದ್ದಿಲ್ಲ. ಎರಡೂ ಕೈಯಲ್ಲಿ ಹಿಡಿಯನ್ನ ತಬ್ಬಿಕೊಂಡುಬಿಟ್ಟೆ. ಅವರು ಒಂದು ಕ್ಷಣ ತಡೆದರು. ನಿಜ ಹೇಳಬೇಕೆಂದರೆ, ತಡೆದರು. ಏನೋ ಯೋಚನೆ ಬಂದ ಹಾಗೆ ಕಟ್ಟರ್ ಕೆಳಗಿಳಿಸಿದರು.

ಅಷ್ಟರಲ್ಲಿ ಪೈಪಿನಲ್ಲಿ...

ಟಣ್.

ಐದನೆಯದು. ಸ್ಪಷ್ಟವಾಗಿ. ಒಣಗಿದ ಕೈಯ ಏಟು.

ಸೂಪರ್‌ವೈಸರ ಮುಖ ಸಡಿಲವಾಯಿತು. "ಕೇಳಿಸ್ತಾ? ಅದು ನಿಮ್ಮ ಭಾವಂದು. ಹೊರಗೇ ಇದಾನೆ. ಸುಮ್ನೆ ಹೆದರಿಸ್ತೀಯಲ್ಲಮ್ಮ."

ಭಾವನ ಏಟು ಹೇಗಿರುತ್ತೆ ಅಂತ ನನಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಅವರು ಯಾವತ್ತೂ ಎಣಿಸೋರು, ಹೊಡೆದವರಲ್ಲ. ಅಲ್ಲ ಅಂತ ಹೇಗೆ ಹೇಳೋದು? ಆದರೂ ನಾನು ಬಿಡಲಿಲ್ಲ. ಅವರೇ ನನ್ನ ಬೆರಳು ಒಂದೊಂದಾಗಿ ಬಿಡಿಸಿ, ಪಕ್ಕಕ್ಕೆ ತಳ್ಳಿದರು.

ಕಟಕ್. ಬೀಗ ತುಂಡಾಗಿ ನೆಲಕ್ಕೆ ಬಿತ್ತು. ಧಪ್ ಅಂತ ಹಿಡಿ ಮೇಲೆ ಹೋಯಿತು. ಬಟನ್ನು... ಟಕ್.

ಗೋಡೆಯಾಚೆ ಮೋಟಾರು ಶುರುವಾಯಿತು. ಗುಂ... ಗುಂಯ್... ಗುಂಯ್ಯ್... ದಿನಾ ಹೇಗೆ ಶುರುವಾಗುತ್ತೋ ಹಾಗೇ. ಭಾವ ಹೇಳಿದ್ದು ನಿಜ. ಏನೂ ವ್ಯತ್ಯಾಸ ಇರಲಿಲ್ಲ.

ನಾನು ಮೆಟ್ಟಿಲಿಳಿದು ಓಡಿದೆ.

ಕೆಳಗೆ ನಲ್ಲಿಯ ಹತ್ತಿರ ಮೂರೂ ಜನ ಇದ್ದರು. ಮೇಷ್ಟ್ರು ಟವೆಲಲ್ಲಿ ಕತ್ತು ಒರೆಸಿಕೊಳ್ಳುತ್ತಿದ್ದರು. ಹೊಸಬ ನೀರು ಕುಡಿಯುತ್ತಿದ್ದ. ಗುಂಡ ಕೂತು ಬೂಟು ತೆಗೆದು ಕಾಲು ತೊಳೆಯುತ್ತಿದ್ದ. ಮೂವರೂ ಕ್ಷೇಮ.

"ಭಾವ ಎಲ್ಲಿ?"

ಗುಂಡ ತಲೆ ಎತ್ತಿದ. "ಮೇಲೇ ಬಂದ್ನಲ್ಲ, ನಿನ್ನ ಹತ್ರ?"

"ಬಂದಿಲ್ಲ."

"ಈಗ ಇಲ್ಲೇ ಇದ್ನಲ್ಲ... ಎಲ್ರೂ ಮೇಲೆ ಬಂದ್ರೇನ್ರೋ ಅಂದ. ಬಂದ್ವಿ ಕಣಣ್ಣ, ಬೇಕಾದ್ರೆ ಚಿವುಟಿ ನೋಡು ಅಂದೆ. ನಕ್ಕ. ಹೋಗಿ ತೊಟ್ಟಿಯೊಳಗೆ ಬಗ್ಗಿ ನೋಡಿ..."

ಗುಂಡ ಮೇಷ್ಟ್ರ ಕಡೆ ನೋಡಿದ.

"ನೋಡಿ ಏನಂದ್ರು?"

ಮೇಷ್ಟ್ರು ಟವೆಲು ಬಾಯಿಗೆ ಅಡ್ಡ ಹಿಡಿದರು. ಅವರೇ ಹೇಳಿದರು, ಕೇಳಿಸಿತೋ ಇಲ್ಲವೋ ಅನ್ನೋ ಹಾಗೆ.

"ಮತ್ತೆ ಕೆಳಗಿರೋನು ಯಾರು, ಅಂದ. ತಮಾಷೆ ಮಾಡ್ತಿದಾನೆ ಅಂದ್ಕೊಂಡ್ವಮ್ಮ. ತಿರುಗಿ ನೋಡಿದ್ರೆ ಇರಲಿಲ್ಲ. ಮೇಲೆ ಹೋದ ಅಂತ..."

ಹೊಸಬನ ಕೈಯಿಂದ ಲೋಟ ಬಿತ್ತು. ನಾಲ್ಕೂ ಜನ ತೊಟ್ಟಿಯ ಕಡೆ ತಿರುಗಿದೆವು. ಅದು ತಿರುಗುತ್ತಲೇ ಇತ್ತು. ಮೇಷ್ಟ್ರು ಓಡಿಹೋಗಿ ಕೆಂಪು ಬಟನ್ ಗುದ್ದಿದರು. ಗುಂಯ್... ಗುಂ... ಗುಂ... ಅದು ನಿಲ್ಲೋಕೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತೆ ಅಂತ ನಿಮಗೆ ಹೇಳಲಾರೆ.

ಭಾವ ಅಲ್ಲೇ ಇದ್ದರು.

ಇನ್ನೊಬ್ಬರು ಯಾರೂ ಇರಲಿಲ್ಲ.

ವಿಚಾರಣೆ ಆಯಿತು. ಅದೇ ಮಾತು ಬಂತು, ಸತ್ತವನ ಅಜಾಗರೂಕತೆ. ಟೈಪ್ ಮಾಡೋಕೆ ನನ್ನ ಟೇಬಲ್ಲಿಗೇ ತಂದಿಟ್ಟರು. ನಾನು ಎದ್ದು ಬ್ಯಾಗು ತಗೊಂಡು ಮನೆಗೆ ಬಂದೆ. ಬೇರೆ ಯಾರೋ ಟೈಪ್ ಮಾಡಿದರು. ನಾನು ಅಲ್ಲಿ ನೋಡಿದ್ದು, ಕೇಳಿದ್ದು ಎಲ್ಲ ಹೇಳಿದೆ. ಕೇಳಿಸಿಕೊಂಡವರು ತಲೆ ಅಲ್ಲಾಡಿಸಿ, "ಪಾಪ, ಶಾಕ್ ಆಗಿದೆ ಹುಡುಗಿಗೆ," ಅಂದರು. ಅಕ್ಕ ಮಾತ್ರ ಏನೂ ಕೇಳಲಿಲ್ಲ. ಗಂಡನ ಬಲಗೈ ಎಲ್ಲಿ ಅಂತ ಒಮ್ಮೆ ಕೇಳಿದಳು. ಆಮೇಲೆ ಅದನ್ನೂ ಕೇಳಲಿಲ್ಲ.

ಸೂಪರ್‌ವೈಸರು ಈಗಲೂ ಅಲ್ಲೇ ಇದ್ದಾರೆ. ಬೀಗ ಈಗಲೂ ಒಂದೇ. ಗುಂಡ ಊರು ಬಿಟ್ಟ. ಮೇಷ್ಟ್ರಿಗೆ ಬಿಡೋ ಹಾಗಿರಲಿಲ್ಲ, ಮಗಳ ಓದು ಬಾಕಿ ಇತ್ತು. ಅವರನ್ನ ಹೋದ ವರ್ಷ ಬಸ್ಸಿನಲ್ಲಿ ನೋಡಿದೆ. ಪಕ್ಕದಲ್ಲೇ ಕೂತರು. ಕಿಟಕಿ ಕಡೆ ಮುಖ ಮಾಡಿಕೊಂಡೇ ಹೇಳಿದರು.

"ಈಗ ಎರಡು ಬರುತ್ತಮ್ಮ, ಜಾಸ್ತಿ. ಒಂದು ಒದ್ದೆ, ಒಂದು ಒಣದು. ಹೊಸ ಎಲೆಕ್ಟ್ರಿಷಿಯನ್ ಎರಡು ಕಳೆದು ಎಣಿಸ್ತಾನೆ."

"ನೀವು ಇಳೀತೀರಾ ಮೇಷ್ಟ್ರೇ? ಈಗಲೂ?"

"ಇನ್ಯಾರು ಇಳೀತಾರೆ."

ನೀವು ಮನಸ್ಸಲ್ಲಿ ಏನು ಅಂದುಕೊಳ್ತಿದೀರಿ ಅಂತ ಗೊತ್ತು. ಬಗ್ಗಿ ನೋಡುವಾಗ ಕಾಲು ಜಾರಿ ಬಿದ್ದಿರಬೇಕು, ಅಷ್ಟೇ. ಪೊಲೀಸರೂ ಹಾಗೇ ಬರೆದುಕೊಂಡರು. ಆದರೆ ಖಾಲಿ ತೊಟ್ಟಿಗೆ ಒಂದು ನಟ್ಟು ಬಿದ್ದರೂ ಮಿಲ್ಲಿನ ಆ ತುದಿಗೆ ಕೇಳಿಸುತ್ತೆ. ನಲ್ಲಿ ಅಲ್ಲೇ ಪಕ್ಕದಲ್ಲಿ. ಮೂರು ಜನರಲ್ಲಿ ಒಬ್ಬರಿಗೂ ಬಿದ್ದ ಸದ್ದು ಕೇಳಿಸಿಲ್ಲ. ತೊಟ್ಟಿಯ ಗೋಡೆಗೆ ಮೆತ್ತಿದ್ದ ಗಂಜಿಯ ಮೇಲೆ ಕಾಲಿನ ಗುರುತಿತ್ತು. ಮೇಲಿಂದ ಕೆಳಗೆ, ಒಂದರ ಕೆಳಗೊಂದು, ಸಮ ಸಮ ಅಂತರದಲ್ಲಿ... ಮೆಟ್ಟಿಲ ಮೇಲೆ ಕಾಲಿಟ್ಟು ಇಳಿದ ಹಾಗೆ. ಅದನ್ನ ಪೊಲೀಸರೂ ನೋಡಿದರು.

ಆ ತೊಟ್ಟಿಗೆ ಇಳಿಯೋಕೆ ಮಿಲ್ಲಿನಲ್ಲಿದ್ದದ್ದು ಒಂದೇ ಏಣಿ. ಕೊನೆಗೆ ಬಂದವರು ಅದನ್ನ ಮೇಲೆಳೆದು ತೊಳೆದಿಡೋದು ರೂಢಿ. ನಾನು ಓಡಿ ಹೋದಾಗ ಗುಂಡ ಕೂತು ಕಾಲು ತೊಳೆಯುತ್ತಿದ್ದ ಅಂದೆನಲ್ಲ... ಅವನು ಕೂತಿದ್ದದ್ದು ಆ ಏಣಿಯ ಮೇಲೆ. ಅಡ್ಡ ಮಲಗಿಸಿದ್ದರು. ತೊಳೆದದ್ದು ತೊಳೆದ ಹಾಗೇ ಇತ್ತು, ಗಂಜಿಯ ಒಂದು ಗುರುತೂ ಇಲ್ಲ.

ನಾನೇ ನೋಡಿದೆ. ಈ ಕಣ್ಣಲ್ಲಿ.